ಗಾಜು ಮೊದಲು, ಸಹಿ ಆಮೇಲೆ

ಫ್ರಾನ್ಸಿನ ಹಳೆಯ ಕಲಾಗಾಜಿನ ಬಗ್ಗೆ ಈ ಸಲ ಬಂದಷ್ಟು ಪತ್ರ ಹಿಂದೆ ಬಂದಿರಲಿಲ್ಲ. ಹೊರದೇಶದಲ್ಲಿ ಓದುವ, ಕೆಲಸ ಮಾಡುವ ಮಕ್ಕಳು ಅಲ್ಲಿನ ಹಳೇ ಸಾಮಾನಿನ ಸಂತೆಗಳಿಂದ ಹೂದಾನಿ, ಬಟ್ಟಲು ತರುತ್ತಿದ್ದಾರೆ. ಕೆಲವರ ಮನೆಯಲ್ಲಿ ತಾತನ ಕಾಲದ ವಸ್ತುಗಳೂ ಇವೆ. ಹಾಗಾಗಿ ಈ ಸಂಚಿಕೆ ಪೂರ್ತಿ ಗಾಜಿಗೇ ಮೀಸಲು.

ಮಗ ಪ್ಯಾರಿಸ್‌ನಲ್ಲಿ ಓದುತ್ತಿದ್ದಾನೆ. ಅಲ್ಲಿನ ಸಂತೆಯಲ್ಲಿ ಒಂದು ಹೂದಾನಿ ಕೊಂಡು ತಂದಿದ್ದಾನೆ. ಹಳದಿ ಗಾಜಿನ ಮೇಲೆ ನೇರಳೆ ಬಣ್ಣದ ಹೂ, ಎಲೆ ಉಬ್ಬಿ ನಿಂತಿವೆ. ಪಕ್ಕದಲ್ಲಿ ‘ಗಾಲೆ’ ಅಂತ ಸಹಿ ಇದೆ. ಸಹಿ ಇದೆ ಅಂದಮೇಲೆ ಅಸಲಿಯೇ ಅಲ್ವಾ ಸರ್? — ಓದುಗರು, ಬೆಂಗಳೂರು

ಅಲ್ಲ, ಅಷ್ಟಕ್ಕೇ ಅಸಲಿ ಅಂತ ಹೇಳಲಾಗುವುದಿಲ್ಲ. ಗಾಲೆ ಅಂದರೆ ಫ್ರಾನ್ಸಿನ ನಾನ್ಸಿ ಊರಿನ ಹೆಸರಾಂತ ಗಾಜಿನ ಕಲಾವಿದ ಎಮಿಲ್ ಗಾಲೆ. ಇಡೀ ಹೂದಾನಿಯಲ್ಲಿ ನಕಲು ಮಾಡಲು ಎಲ್ಲಕ್ಕಿಂತ ಸುಲಭವಾದದ್ದು ಆ ಸಹಿಯೇ. ನಕಲಿ ಮಾಡುವವರೂ ಮೊದಲು ಹಾಕುವುದು ಅದನ್ನೇ. ಸ್ವಲ್ಪ ಹೊತ್ತು ಸಹಿ ಮರೆತು ಗಾಜು ನೋಡಿ.

ನಿಮ್ಮ ಹೂದಾನಿಯ ಬಗೆಗೆ ಕ್ಯಾಮಿಯೊ ಗಾಜು ಅನ್ನುತ್ತಾರೆ. ಇದನ್ನು ಮಾಡುವ ರೀತಿ ಗೊತ್ತಾದರೆ ಅರ್ಧ ಪರೀಕ್ಷೆ ಮುಗಿದ ಹಾಗೆ. ಕುಲುಮೆಯಿಂದ ತೆಗೆದ ಕಾದ ಗಾಜಿನ ಮೇಲೆ ಬೇರೆ ಬಣ್ಣದ ಗಾಜಿನ ಒಂದೋ ಎರಡೋ ಮೂರೋ ಪದರ ಕೊಟ್ಟು ಊದುತ್ತಾರೆ. ಅದು ನಿಧಾನವಾಗಿ ಆರಿದ ಮೇಲೆ ಹೂವು, ಎಲೆ ಉಳಿಯಬೇಕಾದ ಜಾಗಕ್ಕೆ ಡಾಂಬರಿನಂಥ ವಸ್ತು ಬಳಿದು ಹೈಡ್ರೋಫ್ಲೋರಿಕ್ ಆಸಿಡ್‌ನಲ್ಲಿ ಅದ್ದುತ್ತಾರೆ. ಬಳಿದ ಜಾಗ ಉಳಿಯುತ್ತದೆ, ಬಳಿಯದ ಜಾಗದ ಮೇಲ್ಪದರ ಕರಗಿ ಕೆಳಗಿನ ಬಣ್ಣ ಕಾಣುತ್ತದೆ. ಮತ್ತೆ ಬಳಿಯುತ್ತಾರೆ, ಮತ್ತೆ ಅದ್ದುತ್ತಾರೆ. ಒಳ್ಳೆಯ ತುಂಡಾದರೆ ಕೊನೆಗೆ ಸಾಣೆಚಕ್ರ ಹಿಡಿದು ಎಲೆಯ ನರ, ದಳದ ಅಂಚು ತಿದ್ದುತ್ತಾರೆ. ಅಂದರೆ ಈ ಚಿತ್ರ ಮೇಲೆ ಬರೆದದ್ದಲ್ಲ, ಗಾಜನ್ನೇ ಕಡಿಮೆ ಮಾಡುತ್ತಾ ಹೋಗಿ ಉಳಿಸಿಕೊಂಡದ್ದು.

ಈಗ ಹೂದಾನಿಯೊಳಗೆ ಮೊಬೈಲ್ ಟಾರ್ಚ್ ಇಳಿಸಿ. ನೇರಳೆ ಎಲ್ಲ ಕಡೆ ಒಂದೇ ದಪ್ಪ, ಒಂದೇ ಬಣ್ಣವೋ? ಅಥವಾ ದಳದ ತುದಿಗೆ ತಿಳಿ, ಬುಡಕ್ಕೆ ಕಡು ಆಗಿದೆಯೋ? ಒಳ್ಳೆಯ ಕೆಲಸದಲ್ಲಿ ಒಂದೇ ಪದರವನ್ನು ಎಲ್ಲಿ ಎಷ್ಟು ಸವೆಸಿದ್ದಾರೆ ಅನ್ನುವುದರಿಂದಲೇ ನಾಲ್ಕೈದು ಛಾಯೆ ಹುಟ್ಟುತ್ತವೆ. ದೂರದ ಬೆಟ್ಟ ತೆಳು, ಹತ್ತಿರದ ಮರ ಗಾಢ. ನಕಲಿಯಲ್ಲಿ ಸಾಮಾನ್ಯವಾಗಿ ಹೂವು ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ, ಅಂಚು ಬಿರುಸು, ಬಣ್ಣ ಗಾಢ, ಎಲೆಗೆ ಜೀವ ಇರುವುದಿಲ್ಲ. ಆಮೇಲೆ ತಲೆಕೆಳಗು ಮಾಡಿ ತಳ ನೋಡಿ. ನೂರು ವರ್ಷ ಮೇಜಿನ ಮೇಲೆ, ಕಪಾಟಿನಲ್ಲಿ ಎಳೆದಾಡಿದ ತಳಕ್ಕೆ ಸಣ್ಣ ಸಣ್ಣ ಗೀರು ಅಡ್ಡಾದಿಡ್ಡಿಯಾಗಿ ಬಿದ್ದಿರಬೇಕು, ಅದೂ ನೆಲಕ್ಕೆ ತಾಗುವ ಅಂಚಿನಲ್ಲಿ ಮಾತ್ರ. ಎಲ್ಲ ಗೀರೂ ಒಂದೇ ದಿಕ್ಕಿಗೆ ಇದ್ದರೆ ಯಾರೋ ಮರಳು ಕಾಗದದಲ್ಲಿ ಉಜ್ಜಿದ್ದಾರೆ ಅಂತಲೇ ಅನುಮಾನ ಪಡಿ.

ಈಗ ಸಹಿಗೆ ಬನ್ನಿ. ರೊಮೇನಿಯಾದಲ್ಲಿ ಗಾಲೆ ಮಾದರಿಯ ಹೂದಾನಿ, ದೀಪಗಳನ್ನು ತುಂಬಾ ತಯಾರಿಸಿದ್ದಾರೆ, ಅವೂ ಪದರಗಳ ಆಸಿಡ್ ಗಾಜೇ. ಅವುಗಳಲ್ಲಿ ಗಾಲೆ ಸಹಿಯ ಹತ್ತಿರ ‘ಟಿಪ್’ (Tip) ಅನ್ನುವ ಮೂರಕ್ಷರದ ಪದ ಇರುತ್ತದೆ, ಗಾಲೆ ಮಾದರಿ ಅನ್ನುವ ಅರ್ಥಕ್ಕೆ. ಅಂಗಡಿಯಲ್ಲಿ ಹಾಗೇ ಮಾರಿದರೆ ಅದರಲ್ಲಿ ಮೋಸ ಏನೂ ಇಲ್ಲ. ಕೈ ಬದಲಾಗುತ್ತಾ ಯಾರೋ ಆ ಮೂರಕ್ಷರ ಉಜ್ಜಿ ಅಳಿಸುತ್ತಾರೆ, ಮೋಸ ಆಗುವುದು ಅಲ್ಲಿ. ಹಾಗಾಗಿ ಸಹಿಯ ಅಕ್ಕಪಕ್ಕ ಬೆರಳಾಡಿಸಿ, ಭೂತಗನ್ನಡಿ ಹಿಡಿದು ನೋಡಿ. ಸಣ್ಣ ತಗ್ಗು, ಮಂಕಾದ ಮಚ್ಚೆ, ಅಲ್ಲಿ ಮಾತ್ರ ಬೇರೆ ಥರದ ಹೊಳಪು ಇದ್ದರೆ ಕೊಳ್ಳಲೇಬೇಡಿ. ಕೊಂಡಾಗಿದ್ದರೆ, ಚೆಂದದ ಹೂದಾನಿ ಅಂತ ಇಟ್ಟುಕೊಳ್ಳಿ, ಗಾಲೆ ಅಂತ ಇನ್ನೊಬ್ಬರಿಗೆ ಮಾರಬೇಡಿ.

ಇನ್ನೊಂದು ವಿಷಯ. ಎಮಿಲ್ ಗಾಲೆ 1904ರಲ್ಲಿ ತೀರಿಕೊಂಡರು. ಆಮೇಲೆ ಹೆಂಡತಿ ಆಂರಿಯೆತ್ ಕಾರ್ಖಾನೆ ನೋಡಿಕೊಂಡರು. ಆ ಸಾವಿನ ನಂತರದ ಕೆಲವು ವರ್ಷ ಸಹಿಯ ಪಕ್ಕ ಪುಟ್ಟ ನಕ್ಷತ್ರ ಇರುತ್ತಿತ್ತು. ಆಮೇಲೆ ನಕ್ಷತ್ರ ಬಿಟ್ಟರು, ಕೆಲಸ 1930ರ ದಶಕದವರೆಗೂ ನಡೆಯಿತು. ಆನೆಗಳ ಸಾಲಿರುವ ಹೂದಾನಿ ಬಹಳ ಪ್ರಸಿದ್ಧ, ಅಚ್ಚಿನೊಳಗೆ ಊದಿ ಮಾಡಿದ್ದು, ಅದು 1920ರ ದಶಕದ್ದು. ಗಾಲೆ ಅದನ್ನು ಕಣ್ಣಲ್ಲೂ ನೋಡಿಲ್ಲ. ಇವತ್ತು ಮಾರುಕಟ್ಟೆಯಲ್ಲಿ ಸಿಗುವ ಗಾಲೆ ಗಾಜಿನಲ್ಲಿ ಹೆಚ್ಚಿನವು ಇಂಥ ಕಾರ್ಖಾನೆ ಸರಕೇ. ಅವೂ ಅಸಲಿಯೇ, ಅದರಲ್ಲಿ ಕೀಳು ಏನಿಲ್ಲ. ಆದರೆ ಮಾರುವವರು ‘ಗಾಲೆ ಸ್ವಂತ ಕೈಯಿಂದ’ ಅಂದರೆ ನಂಬಬೇಡಿ.

ಗಾಲೆ, ದೋಮ್, ಮುಲ್ಲರ್, ಬಕರಾ... ಎಲ್ಲ ಹೆಸರೂ ಫ್ರಾನ್ಸಿನ ಒಂದೇ ಮೂಲೆಯಿಂದ ಬಂದ ಹಾಗಿವೆ. ನಾನ್ಸಿ ಅನ್ನುವ ಊರಿನಲ್ಲಿ ಅಂಥದ್ದೇನಿತ್ತು? — ಕಾಲೇಜು ಅಧ್ಯಾಪಕಿ, ಧಾರವಾಡ

ಈ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು ಮೇಡಂ. ಸಂಗ್ರಹ ಮಾಡುವವರು ಬೆಲೆ ಕೇಳುತ್ತಾರೆ, ಊರಿನ ಬಗ್ಗೆ ಕೇಳುವುದು ಕಡಿಮೆ.

ಇದು ಲೊರೇನ್ ಪ್ರಾಂತ್ಯ. ಕುಲುಮೆ ಉರಿಸಲು ಕಾಡಿನ ಸೌದೆ, ಮರಳು, ನೀರು ಎಲ್ಲ ಇದ್ದ ಜಾಗ, ಆದ್ದರಿಂದ ಗಾಜಿನ ಕೆಲಸ ಅಲ್ಲಿ ಬಹಳ ಹಳೆಯದು. ಸೇಂ ಲೂಯಿ ಕಾರ್ಖಾನೆಯ ಮೂಲ 1586ಕ್ಕೆ ಹೋಗುತ್ತದೆ, ಬಕರಾ ಶುರುವಾದದ್ದು 1764ರಲ್ಲಿ. ಆದರೆ ಕಲಾಗಾಜು ನಾನ್ಸಿಯಲ್ಲೇ ಅಷ್ಟೊಂದು ಅರಳಿದ್ದಕ್ಕೆ ಯುದ್ಧವೂ ಒಂದು ಕಾರಣ. 1870–71ರ ಯುದ್ಧದಲ್ಲಿ ಫ್ರಾನ್ಸ್ ಸೋತಿತು. ಆಲ್ಸಾಸ್ ಮತ್ತು ಲೊರೇನಿನ ಒಂದು ಭಾಗ ಜರ್ಮನಿಗೆ ಹೋಯಿತು. ಬಕರಾ ಫ್ರಾನ್ಸಿನಲ್ಲೇ ಉಳಿಯಿತು, ಸೇಂ ಲೂಯಿ ಜರ್ಮನಿಯ ಪಾಲಾಯಿತು. ಜರ್ಮನಿಯ ಆಳ್ವಿಕೆ ಬೇಡ ಅಂದ ಸಾವಿರಾರು ಜನ ಮನೆಮಠ ಬಿಟ್ಟು ಹೊಸ ಗಡಿಯ ಈಚೆ ಇದ್ದ ನಾನ್ಸಿಗೆ ಬಂದರು. ಅವರಲ್ಲಿ ಹಣವಂತರಿದ್ದರು, ಕಸುಬುದಾರರಿದ್ದರು, ಓದಿದವರಿದ್ದರು.

ಹಾಗೆ ಬಂದವರಲ್ಲಿ ಒಬ್ಬರು ಜಾನ್ ದೋಮ್, ಬಿಚ್ ಅನ್ನುವ ಊರಿನ ನೋಟರಿ. ಗಾಜು ಅವರ ಕಸುಬೇ ಅಲ್ಲ. ಕೊಟ್ಟ ಸಾಲ ವಾಪಸ್ ಬರದೆ 1878ರಲ್ಲಿ ಒಂದು ಗಾಜಿನ ಕಾರ್ಖಾನೆಯೇ ಅವರ ಕೈಗೆ ಬಂತು. ಮಕ್ಕಳಾದ ಒಗುಸ್ತ್ ಮತ್ತು ಆಂತೊನಿನ್ ಅದನ್ನು ಕಲೆಯ ಕಡೆಗೆ ತಿರುಗಿಸಿದರು. ದೋಮ್ ಸಹಿಯ ಜೊತೆ ಎರಡು ಅಡ್ಡಗೆರೆಯ ಶಿಲುಬೆ ಇರುತ್ತದೆ ನೋಡಿ, ಅದು ಲೊರೇನ್ ಶಿಲುಬೆ. ಕೈತಪ್ಪಿದ ನೆಲದ ಗುರುತು ಅದು. ಹೂದಾನಿಗಳಲ್ಲಿ ಮತ್ತೆ ಮತ್ತೆ ಬರುವ ಮುಳ್ಳಿನ ಹೂವೂ ಸುಮ್ನೆ ಅಲಂಕಾರಕ್ಕೆ ಬಂದದ್ದಲ್ಲ, ನಾನ್ಸಿ ಊರಿನ ಲಾಂಛನವೇ ಅದು.

ಗಾಲೆ ಅದೇ ಊರಿನವರು, 1846ರಲ್ಲಿ ಹುಟ್ಟಿದವರು. ಅಪ್ಪನಿಗೆ ಗಾಜು, ಪಿಂಗಾಣಿ ವ್ಯಾಪಾರ. ಮಗನಿಗೆ ಗಿಡಗಳ ಹುಚ್ಚು, ಸಸ್ಯಶಾಸ್ತ್ರವನ್ನು ಕ್ರಮವಾಗಿ ಓದಿದ್ದರು. ಅದಕ್ಕೇ ಅವರ ಗಾಜಿನ ಮೇಲಿನ ಗಿಡ ಯಾವುದು ಅಂತ ಗುರುತು ಹಿಡಿಯಬಹುದು. ತೋಟದ ಗುಲಾಬಿಗಿಂತ ದಾರಿ ಪಕ್ಕದ ಕಳೆ ಗಿಡ, ಒಣಗುತ್ತಿರುವ ಎಲೆ, ಕೊಳದ ಏರೋಪ್ಲೇನ್ ಚಿಟ್ಟೆ ಅವರಿಗೆ ಜಾಸ್ತಿ ಪ್ರಿಯ. ಅದೇ ಸಮಯಕ್ಕೆ ನಾನ್ಸಿಯ ಅರಣ್ಯ ಶಾಲೆಗೆ ಓದಲು ಬಂದಿದ್ದ ಜಪಾನಿನ ಅಧಿಕಾರಿ, ಚಿತ್ರಕಾರ ತಕಾಶಿಮಾ ಹೊಕ್ಕಾಯ್ ಅಲ್ಲಿನ ಕಲಾವಿದರಿಗೆ ಪರಿಚಯವಾದರು. ಒಂದು ಕೊಂಬೆ ಬರೆದು ಉಳಿದ ಜಾಗ ಖಾಲಿ ಬಿಡುವ ಜಪಾನೀ ಗುಣ ನಾನ್ಸಿ ಗಾಜಿನಲ್ಲಿ ಎದ್ದು ಕಾಣುತ್ತದೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಗಾಲೆ, ದೋಮ್ ಇಬ್ಬರಿಗೂ ದೊಡ್ಡ ಬಹುಮಾನ ಬಂತು. ಮರುವರ್ಷ, 1901ರಲ್ಲಿ, ಊರಿನ ಕುಶಲಕರ್ಮಿಗಳೆಲ್ಲ ಸೇರಿ ‘ನಾನ್ಸಿ ಶಾಲೆ’ ಅನ್ನುವ ಒಕ್ಕೂಟ ಕಟ್ಟಿದರು. ಗಾಲೆಯೇ ಅದರ ಅಧ್ಯಕ್ಷರು. ಒಂದೇ ಊರಿನಲ್ಲಿ ಪೈಪೋಟಿ ಮಾಡುವ ಅಂಗಡಿಗಳು ಒಟ್ಟಿಗೆ ಕೂತು ಸಂಘ ಮಾಡಿಕೊಂಡದ್ದು ಸಣ್ಣ ಮಾತಲ್ಲ.

ಲಲೀಕ್ ಬಟ್ಟಲು ಒಂದಿದೆ. ತಳದಲ್ಲಿ ‘ಆರ್. ಲಲೀಕ್’ ಎಂದು ಕೆತ್ತಿದೆ. ಆ ‘ಆರ್.’ ಇದ್ದರೆ ಬೆಲೆ ಜಾಸ್ತಿಯಂತೆ, ಹೌದಾ? — ಓದುಗರು, ಮಂಗಳೂರು

ಹೌದು, ಜಾಸ್ತಿ. ಅದಕ್ಕೇ ಆ ಒಂದು ಅಕ್ಷರವನ್ನು ಆಮೇಲೆ ಸೇರಿಸುವವರೂ ಇದ್ದಾರೆ.

ರೆನೆ ಲಲೀಕ್ 1860ರಲ್ಲಿ ಹುಟ್ಟಿದವರು, ಮೊದಲು ಚಿನ್ನಾಭರಣದ ಕಲಾವಿದ. ಸುಗಂಧ ವ್ಯಾಪಾರಿ ಫ್ರಾಂಸ್ವಾ ಕೊತಿಗೆ ಬಾಟಲಿ ಮಾಡಿಕೊಡುತ್ತಾ ಗಾಜಿನ ಕಡೆ ಹೊರಳಿದರು. 1921ರಲ್ಲಿ ಆಲ್ಸಾಸಿನ ವಿಂಗೆನ್ ಸುರ್ ಮೊದೆರ್‌ನಲ್ಲಿ ಕಾರ್ಖಾನೆ ಹಾಕಿದರು. ಗಾಲೆಯ ಗಾಜಿಗೂ ಇವರದಕ್ಕೂ ಅಜಗಜಾಂತರ. ಇಲ್ಲಿ ಬಣ್ಣದ ಪದರಗಳ ಆಟ ಕಡಿಮೆ, ಅಚ್ಚೇ ಮುಖ್ಯ. ಗಾಜನ್ನು ಉಕ್ಕಿನ ಅಚ್ಚಿಗೆ ಒತ್ತಿ ಅಥವಾ ಊದಿ, ಕೆಲವು ಭಾಗ ಮಂಜು, ಕೆಲವು ಭಾಗ ಹೊಳಪು ಮಾಡುತ್ತಾರೆ. ಕೆಲವು ತುಂಡು ಹಾಲು ಬೆರೆಸಿದ ನೀಲಿ ಬಣ್ಣಕ್ಕೆ ಕಾಣುತ್ತವೆ. ಅವನ್ನೇ ಬೆಳಕಿಗೆ ಅಡ್ಡ ಹಿಡಿದರೆ ಕಿತ್ತಳೆ ಛಾಯೆ ಬರುತ್ತದೆ. ನೋಡುತ್ತಾ ಕೂತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ.

ರೆನೆ 1945ರಲ್ಲಿ ತೀರಿಕೊಂಡರು. ಮಗ ಮಾರ್ಕ್ ಕಾರ್ಖಾನೆ ವಹಿಸಿಕೊಂಡ ಮೇಲೆ ‘ಆರ್.’ ಹೋಯಿತು, ಗಾಜಿನ ಬದಲು ಸೀಸ ಬೆರೆತ ಭಾರದ ಕ್ರಿಸ್ಟಲ್ ಬಂತು. ಈ ಎರಡನೆಯದು ನಿಮಗೆ ಉಪಯೋಗದ ಮಾತು. ತೂಕ ಜಾಸ್ತಿ, ತಣ್ಣನೆ ಬಿಳಿ ಹೊಳಪು, ಬೆರಳಲ್ಲಿ ತಟ್ಟಿದರೆ ಗಂಟೆಯಂತೆ ಉದ್ದ ದನಿ ಬಂದರೆ ಅದು ಯುದ್ಧದ ನಂತರದ ಕ್ರಿಸ್ಟಲ್ ಇರಬಹುದು. ಅದರ ಮೇಲೆ ‘ಆರ್.’ ಇದ್ದರೆ ಆ ಅಕ್ಷರವೇ ಸುಳ್ಳು. ಹಾಗೇ ‘ಆರ್.’ ಮತ್ತು ‘ಲಲೀಕ್’ ಎರಡನ್ನೂ ಒಂದೇ ಕೈ, ಒಂದೇ ಆಳಕ್ಕೆ ಕೊರೆದಿದೆಯೇ ನೋಡಿ. ನಿಮ್ಮ ಬಟ್ಟಲಿನ ಮಾದರಿ ಯಾವ ವರ್ಷ ಶುರುವಾಯಿತು ಅನ್ನುವುದೂ ಮುಖ್ಯ. ಲಲೀಕ್ ಮಾದರಿಗಳ ಪಟ್ಟಿ ಚೆನ್ನಾಗಿ ದಾಖಲಾಗಿದೆ, ಉದಾಹರಣೆಗೆ ಕುಣಿಯುವ ಹೆಂಗಸರ ‘ಬಕಾಂತ್’ ಹೂದಾನಿ 1927ರದು. ಅದು ಇವತ್ತಿಗೂ ತಯಾರಾಗುತ್ತಿದೆ, ಆದ್ದರಿಂದ ಮಾದರಿ ಹಳೆಯದಾದರೂ ನಿಮ್ಮ ಕೈಯಲ್ಲಿರುವ ತುಂಡು ಹೊಸದಿರಬಹುದು. 1945ರ ನಂತರ ಹುಟ್ಟಿದ ಮಾದರಿಗೆ ‘ಆರ್.’ ಇದ್ದರೆ ಮಾತ್ರ ಬೇರೆ ಪರೀಕ್ಷೆಯೇ ಬೇಡ.

ಮೈಸೂರು ಅರಮನೆಯ ಕಲ್ಯಾಣ ಮಂಟಪದ ಬಣ್ಣದ ಗಾಜು ಫ್ರೆಂಚಿನದಾ? — ಹೈಸ್ಕೂಲ್ ವಿದ್ಯಾರ್ಥಿನಿ, ನಂಜನಗೂಡು

ಅಲ್ಲ ಪುಟ್ಟಿ. ಅದು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಬಂದದ್ದು. ಅಲ್ಲಿನ ಎರಕದ ಕಬ್ಬಿಣದ ಕಂಬಗಳೂ ಗ್ಲಾಸ್ಗೋದವೇ. ಮುಂದಿನ ಸಲ ಹೋದಾಗ ನವಿಲುಗಳನ್ನು ನೋಡುವ ಜೊತೆಗೆ ಕಂಬಗಳ ಮೇಲೂ ಕಣ್ಣಾಡಿಸು.

ನಮ್ಮ ತಾತನ ಮೇಜಿನ ಮೇಲಿದ್ದ ಗಾಜಿನ ಪೇಪರ್ ವೇಟ್ ನನ್ನ ಪಾಲಿಗೆ ಬಂದಿದೆ. ಒಳಗೆ ಪುಟ್ಟ ಪುಟ್ಟ ಬಣ್ಣದ ಹೂಗಳು ಒತ್ತೊತ್ತಾಗಿವೆ. ಒಂದು ಕಡೆ ‘ಬಿ 1848’ ಅಂತ ಇದೆ. ಇದು ಫ್ರೆಂಚ್ ಅಂತ ಯಾರೋ ಹೇಳಿದರು. — ನಿವೃತ್ತ ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ

ಹೇಳಿದವರು ಸರಿಯಾಗಿಯೇ ಹೇಳಿರಬಹುದು. ಇದನ್ನು ಇನ್ನು ಕಾಗದದ ಮೇಲಿಡಬೇಡಿ, ಫ್ಯಾನ್ ಗಾಳಿಗೆ ಬೇರೆ ಏನಾದರೂ ಇಡಿ!

1840ರ ದಶಕದ ಮಧ್ಯದಲ್ಲಿ ವೆನಿಸ್ಸಿನವರು ಇಂಥ ಗುಂಡುಗಳನ್ನು ತೋರಿಸಿದ ಮೇಲೆ ಫ್ರಾನ್ಸಿನ ಬಕರಾ, ಸೇಂ ಲೂಯಿ, ಕ್ಲಿಷಿ ಮೂರೂ ಹಟಕ್ಕೆ ಬಿದ್ದು ಮಾಡಿದವು. ಬಣ್ಣಬಣ್ಣದ ಗಾಜು ಸೇರಿಸಿ ದಪ್ಪ ಕೋಲು ಮಾಡುತ್ತಾರೆ. ಕಾಯಿಸಿ ಎರಡು ಕಡೆ ಎಳೆದರೆ ಅದು ಸಪೂರ ಕಡ್ಡಿಯಾಗುತ್ತದೆ, ಒಳಗಿನ ಹೂವಿನ ಆಕಾರ ಮಾತ್ರ ಹಾಗೇ ಪುಟ್ಟದಾಗುತ್ತಾ ಹೋಗುತ್ತದೆ. ಆ ಕಡ್ಡಿಯನ್ನು ಬಿಲ್ಲೆಬಿಲ್ಲೆಯಾಗಿ ತುಂಡರಿಸಿ ಜೋಡಿಸಿ ಮೇಲೆ ತಿಳಿ ಗಾಜಿನ ಗುಮ್ಮಟ ಕೂರಿಸುತ್ತಾರೆ. ನಿಮ್ಮ ‘ಬಿ 1848’ ಕೂಡ ಅಂಥ ಒಂದು ಬಿಲ್ಲೆಯೇ. ಬಕರಾ ಸಾಮಾನ್ಯವಾಗಿ ಇಸವಿ ಹಾಕುತ್ತಿದ್ದದ್ದು 1846ರಿಂದ 1849ರವರೆಗೆ. ಕ್ಲಿಷಿಯದಾದರೆ ಪುಟ್ಟ ಗುಲಾಬಿ ಬಿಲ್ಲೆ ಅದರ ಗುರುತು.

ಆದರೆ ಇದನ್ನೂ ನಕಲು ಮಾಡಿದ್ದಾರೆ. ಅಸಲಿ ಗುಂಡು ಕೈಗೆ ಎತ್ತಿಕೊಂಡರೆ ಗಾತ್ರಕ್ಕಿಂತ ಭಾರ ಅನ್ನಿಸಬೇಕು. ಭೂತಗನ್ನಡಿಯಲ್ಲಿ ನೋಡಿದರೆ ಒಂದೊಂದು ಬಿಲ್ಲೆಯ ಒಳಗೂ ನಕ್ಷತ್ರ, ಬಾಣ, ಚಿಕ್ಕ ಪ್ರಾಣಿಯ ನೆರಳು ಸ್ಪಷ್ಟ ಕಾಣಬೇಕು. ಅಂಕಿಗಳು ಕಲಸಿದ ಹಾಗಿದ್ದರೆ, ಗಾಜು ಹಳದಿಗೆ ತಿರುಗಿದ ಜಿಡ್ಡಿನಂತಿದ್ದರೆ ಅನುಮಾನ ಪಡಬೇಕು. ತಳದಲ್ಲಿ ಬಕರಾ ಹೆಸರಿನ ಆಸಿಡ್ ಮುದ್ರೆ ಇದ್ದರೆ ಅದು ಕಾರ್ಖಾನೆಯೇ ಇಪ್ಪತ್ತನೇ ಶತಮಾನದಲ್ಲಿ ಮತ್ತೆ ಮಾಡಿದ ಗುಂಡು. ಮೇಲೆ ಗೀರಿದ್ದರೆ ಪಾಲಿಶ್ ಮಾಡಿಸಬೇಡಿ. ಗುಮ್ಮಟ ಸವೆದರೆ ಒಳಗಿನ ಹೂಗಳು ದೊಡ್ಡದಾಗಿ ಕಾಣುವ ಗುಣವೇ ಕೆಡುತ್ತದೆ, ಬೆಲೆಯೂ ಇಳಿಯುತ್ತದೆ.

ಹಳೆಯ ಗಾಜನ್ನು ತೊಳೆಯುವುದು ಹೇಗೆ? ಹೂ ಇಡಬಹುದಾ? ನಮ್ಮದು ಬೋರ್‌ವೆಲ್ ನೀರು. — ಗೃಹಿಣಿ, ಕೋಲಾರ

ಹೂ ಇಡಬೇಡಿ, ಅದರಲ್ಲೂ ಬೋರ್‌ವೆಲ್ ನೀರಿನಲ್ಲಿ ಖಂಡಿತ ಬೇಡ. ಒಳಗೆ ಸುಣ್ಣದ ಗೆರೆ ಕೂತರೆ ತೆಗೆಯುವುದು ದೊಡ್ಡ ತಲೆನೋವು. ಹಾಗೂ ಕೂತಿದ್ದರೆ, ಚಿನ್ನದ ಬಳಿತ, ಬಣ್ಣದ ಎನಾಮಲ್ ಇಲ್ಲದ ಗಾಜಿಗೆ ನೀರು ಬೆರೆಸಿದ ವಿನೆಗರ್ ಸ್ವಲ್ಪ ಹೊತ್ತು ಬಿಟ್ಟು ತೊಳೆಯಬಹುದು. ಅದಕ್ಕೂ ಹೋಗದ ಮಂಕು ಗಾಜಿನ ಮೈಗೇ ಆದ ಗಾಯ, ಮನೆಯಲ್ಲಿ ವಾಸಿಯಾಗುವುದಿಲ್ಲ. ಆಸಿಡ್ ಹಾಕಿ ಹೊಳಪು ಮಾಡಿಕೊಡುತ್ತೇವೆ ಅನ್ನುವವರ ಕೈಗೆ ಕೊಡಬೇಡಿ. ಹೈಡ್ರೋಫ್ಲೋರಿಕ್ ಆಸಿಡ್ ಚರ್ಮದೊಳಗೆ ಇಳಿದು ಮೂಳೆಯವರೆಗೂ ಹಾನಿ ಮಾಡುತ್ತದೆ, ಪ್ರಾಣಕ್ಕೇ ಅಪಾಯ.

ಮಾಮೂಲಿಗೆ ಉಗುರುಬೆಚ್ಚಗಿನ ನೀರು, ಒಂದು ತೊಟ್ಟು ಪಾತ್ರೆ ಸೋಪು, ಬೇಸಿನ್ ತಳಕ್ಕೆ ದಪ್ಪ ಟವೆಲ್, ಇಷ್ಟು ಸಾಕು. ಬಿಸಿ ನೀರು, ಡಿಶ್‌ವಾಷರ್, ಸ್ಟೀಲ್ ನಾರು ಬೇಡ. ಉಂಗುರ, ಬಳೆ ತೆಗೆದಿಡಿ. ಪಾತ್ ದ ವೆರ್, ಅಂದರೆ ಗಾಜಿನ ಪುಡಿಯನ್ನು ಅಚ್ಚಿನಲ್ಲಿಟ್ಟು ಕರಗಿಸಿ ಮಾಡಿದ್ದು ಇದ್ದರೆ ನೀರಿನಲ್ಲಿ ನೆನೆಹಾಕಬೇಡಿ, ಮೆತ್ತನೆ ಬ್ರಷ್ಷಿನಲ್ಲಿ ಧೂಳು ತೆಗೆದರೆ ಸಾಕು.

ನನಗೆ ಈಗಷ್ಟೇ ಕೆಲಸ ಸಿಕ್ಕಿದೆ. ಗಾಲೆ, ಲಲೀಕ್ ಕೊಳ್ಳುವ ಶಕ್ತಿ ಇಲ್ಲ. ಆದರೂ ಫ್ರೆಂಚ್ ಗಾಜು ಕೂಡಿಡುವ ಆಸೆ. ಎಲ್ಲಿಂದ ಶುರು ಮಾಡಲಿ ಅಣ್ಣ? — ಓದುಗ, ಹುಬ್ಬಳ್ಳಿ (ಈಗ ಲಿಯೋನ್)

ನೀವು ಫ್ರಾನ್ಸಿನಲ್ಲೇ ಇದ್ದೀರಿ, ಅರ್ಧ ಕೆಲಸ ಆಯಿತು ತಮ್ಮಾ. ಅಲ್ಲಿಂದ ತರಿಸಿಕೊಳ್ಳುವವರಿಗೆ ಹರಾಜಿನ ಬೆಲೆಯ ಮೇಲೆ ಕಮಿಷನ್, ಪ್ಯಾಕಿಂಗ್, ವಿಮೆ, ಕಸ್ಟಮ್ಸ್ ಎಲ್ಲ ಸೇರಿ ಮೂಲ ಬೆಲೆಯೇ ಮರೆತು ಹೋಗುತ್ತದೆ.

ಎರಡನೇ ಸಾಲಿನ ಹೆಸರುಗಳನ್ನು ನೋಡಿ. ಸೇಂ ದೆನಿಯ ಲೆಗ್ರಾ, ಲುನೆವಿಲ್ಲಿನ ಮುಲ್ಲರ್ ಸೋದರರು, ಗಾಜು ಊದುವಾಗಲೇ ಬಣ್ಣದ ಪುಡಿ ಹತ್ತಿಸಿ ಮೋಡದಂತೆ ಮಾಡಿದ ಷ್ನೈಡರ್. ಷ್ನೈಡರ್ ಅವರದೇ ‘ಲ ವೆರ್ ಫ್ರಾಂಸೆ’ ಸಾಲು ಮೊದಲ ಮಹಾಯುದ್ಧ ಮುಗಿದ ಕಾಲದ್ದು. ಕಿತ್ತಳೆ, ನೇರಳೆ, ಹಳದಿ ಬಣ್ಣಗಳು ಕಣ್ಣಿಗೆ ಹೊಡೆಯುವಷ್ಟು ಧೈರ್ಯದವು, ನನಗೆ ವೈಯಕ್ತಿಕವಾಗಿ ಬಹಳ ಇಷ್ಟ, ಆದರೆ ಅದಕ್ಕೂ ಈಗ ಬೆಲೆ ಏರಿದೆ. ಮುಲ್ಲರ್, ಷ್ನೈಡರ್ ಅವರ ಬಿಡಿ ದೀಪದ ಗ್ಲೋಬುಗಳು ಹೂದಾನಿಗಿಂತ ಅಗ್ಗಕ್ಕೆ ಸಿಗುತ್ತವೆ, ಬೆಳಕು ಹಾಕಿದರೆ ಅದೇ ಸೊಗಸು. ಎರಡನೇ ಮಹಾಯುದ್ಧದ ನಂತರದ ಲಲೀಕ್ ಸುಗಂಧದ ಬಾಟಲಿಗಳನ್ನೂ ನೋಡಬಹುದು. ರೆಕ್ಕೆ ಬಿಚ್ಚಿದ ಪಾರಿವಾಳಗಳ ಮುಚ್ಚಳದ, 1951ರ ನೀನಾ ರಿಚ್ಚಿ ಬಾಟಲಿ ಅಪರೂಪದ್ದೇನಲ್ಲ.

ಒಂದು ಮಾತು ಮಾತ್ರ ಕಟ್ಟುನಿಟ್ಟಾಗಿ ಪಾಲಿಸಿ. ಒಡೆದದ್ದು ಅಗ್ಗ ಅಂತ ತರಬೇಡಿ. ಬಾಯಿ ಅಂಚಿನ ಚಕ್ಕೆ ಮುಚ್ಚಲು ಎಷ್ಟೋ ಹೂದಾನಿಗಳ ಕುತ್ತಿಗೆಯನ್ನೇ ಕತ್ತರಿಸಿ ನಯ ಮಾಡಿರುತ್ತಾರೆ. ಚಿತ್ರ ಮೇಲೆ ಅರ್ಧಕ್ಕೇ ನಿಂತಿದ್ದರೆ, ಆಕಾರ ಯಾಕೋ ಗಿಡ್ಡ ಅನ್ನಿಸಿದರೆ ಅದೇ ಮಾದರಿಯ ಬೇರೆ ತುಂಡುಗಳ ಎತ್ತರ ಹರಾಜಿನ ಹಳೆಯ ಪಟ್ಟಿಗಳಲ್ಲಿ ಹೋಲಿಸಿ. ತಳಕ್ಕೆ ತೂತು ಕೊರೆದಿದ್ದರೆ ಯಾರೋ ಅದನ್ನು ಟೇಬಲ್ ಲ್ಯಾಂಪ್ ಮಾಡಿದ್ದರು ಅಂತ ಅರ್ಥ. ವರ್ಷಕ್ಕೆ ಹತ್ತು ಕೊಳ್ಳುವ ದುಡ್ಡಿನಲ್ಲಿ ಪೂರ್ತಿ ಸರಿಯಿರುವ ಒಂದನ್ನು ಕೊಳ್ಳಿ. ರಸೀದಿಯಲ್ಲಿ ಕಾರ್ಖಾನೆಯ ಹೆಸರು, ಅಂದಾಜು ಕಾಲ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿಯುವವರ ಹತ್ತಿರ ಕೊಳ್ಳಬೇಡಿ.

ಮನೆಯಲ್ಲಿರುವ ಹಳೆಯ ದೋಮ್ ಹೂದಾನಿಯನ್ನು ಪ್ಯಾರಿಸ್ ಹರಾಜಿಗೆ ಕಳುಹಿಸಿದರೆ ಒಳ್ಳೆಯ ಬೆಲೆ ಬರುತ್ತದೆಯಂತೆ. ಕೊರಿಯರ್ ಮಾಡಬಹುದಾ? — ಓದುಗರು, ಬೆಳಗಾವಿ

ಹಾಗೆ ಕಳುಹಿಸಿಬಿಡಬೇಡಿ. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಕಲಾ ವಸ್ತು ಪ್ರಾಚ್ಯವಸ್ತು ಅನ್ನಿಸಿಕೊಳ್ಳಬಹುದು. ಅಂಥದ್ದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ಫ್ರಾನ್ಸಿನಲ್ಲಿ ತಯಾರಾದದ್ದು ಅನ್ನುವ ಒಂದೇ ಕಾರಣಕ್ಕೆ ವಿನಾಯಿತಿ ಸಿಗುತ್ತದೆ ಅಂದುಕೊಳ್ಳಬೇಡಿ. ಮೊದಲು ಪುರಾತತ್ವ ಸರ್ವೇಕ್ಷಣ ಇಲಾಖೆಯ ಕಚೇರಿಯಲ್ಲಿ ವಸ್ತುವಿನ ಫೋಟೋ ತೋರಿಸಿ ವಿಚಾರಿಸಿ. ನೂರು ವರ್ಷ ಆಗಿಲ್ಲದ ತುಂಡಾದರೆ ಪ್ರಾಚ್ಯವಸ್ತು ಅಲ್ಲ ಅನ್ನುವ ಪ್ರಮಾಣಪತ್ರ ಪಡೆಯಬಹುದು. ಮತ್ತೆ ಗಮನಿಸಿ, 1920ರ ದಶಕದ ಗಾಜೂ ಒಂದೊಂದಾಗಿ ನೂರರ ಗಡಿ ದಾಟುತ್ತಿದೆ.

ಅಸಲಿ ಗಾಜನ್ನು ಕಣ್ಣಾರೆ ನೋಡಬೇಕು. ಎಲ್ಲಿಗೆ ಹೋಗಲಿ? — ಓದುಗರು, ಕಲಬುರಗಿ

ನಿಮಗೆ ಹತ್ತಿರ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂ. ಅಲ್ಲಿ ಯುರೋಪಿನ ಗಾಜಿನ ಸಂಗ್ರಹ ದೊಡ್ಡದು, ಫ್ರೆಂಚ್ ಗಾಜೂ ಇದೆ. ಶುಕ್ರವಾರ ರಜೆ. ಜನ ಎಲ್ಲ ಗಡಿಯಾರದ ಮುಂದೆ ಸೇರಿರುತ್ತಾರೆ, ಗಾಜಿನ ಕೋಣೆಯಲ್ಲಿ ನಿಧಾನವಾಗಿ ನೋಡಬಹುದು.

ಫ್ರಾನ್ಸಿಗೆ ಹೋಗುವ ಯೋಗ ಬಂದರೆ ಪ್ಯಾರಿಸ್ಸಿನ ಓರ್ಸೇ ಮ್ಯೂಸಿಯಂನಲ್ಲಿ ಗಾಲೆ ತಮ್ಮ ಕೊನೆಗಾಲದಲ್ಲಿ ಮಾಡಿಸಿದ, ಕಡಲಪಾಚಿ ಮತ್ತು ಚಿಪ್ಪು ಹತ್ತಿದ ಗಾಜಿನ ಕೈ ಇದೆ, ಅದನ್ನು ತಪ್ಪಿಸಬೇಡಿ. ನಾನ್ಸಿಯಲ್ಲಿ ಎರಡು ಜಾಗ. ಒಂದು ನಾನ್ಸಿ ಶಾಲೆಯ ಮ್ಯೂಸಿಯಂ, ಆ ಕಲಾವಿದರನ್ನು ಪೋಷಿಸಿದ ವ್ಯಾಪಾರಿ ಯುಜೇನ್ ಕೋರ್ಬಿನ್ ಅವರ ಮನೆ ಅದು. ಅಲ್ಲಿ ಗಾಜು ಅದೇ ಕಾಲದ ಮರದ ಪೀಠೋಪಕರಣಗಳ ನಡುವೆ ಇದೆ. ಇನ್ನೊಂದು ಊರ ಮಧ್ಯದ ಲಲಿತಕಲಾ ಮ್ಯೂಸಿಯಂ, ಅದರ ನೆಲಮಾಳಿಗೆಯಲ್ಲಿ ಹಳೆಯ ಕೋಟೆಗೋಡೆಯ ಅವಶೇಷಗಳ ಜೊತೆ ದೋಮ್ ಸಂಗ್ರಹ ಇಟ್ಟಿದ್ದಾರೆ. ಲಲೀಕ್ ಮ್ಯೂಸಿಯಂ ಇರುವುದು ವಿಂಗೆನ್‌ನಲ್ಲಿ, 2011ರಲ್ಲಿ ತೆರೆದದ್ದು, ಅಲ್ಲಿಗೆ ಸ್ಟ್ರಾಸ್‌ಬೂರ್ಗ್ ಕಡೆಯಿಂದ ಹೋಗುವುದು ಅನುಕೂಲ. ಎಲ್ಲ ಕಡೆ ವಾರದ ರಜೆ ಬೇರೆ ಬೇರೆ ದಿನ ಇರುತ್ತದೆ, ಮೊದಲೇ ನೋಡಿಕೊಂಡು ರೈಲು ಬುಕ್ ಮಾಡಿ.